ಅಚ್ಚಾದ ವಂಶಾವಳಿ ಕೈಗೆ ಸಿಕ್ಕಿದೆ, ಮುಂದೇನು? ಅಮೆರಿಕದ ಮನೆತನವೊಂದರ ಮೂಲ ಊರು ಹುಡುಕುವ ದಾರಿ

ಅಮೆರಿಕದಲ್ಲಿ ನೆಲೆ ನಿಂತ ಕನ್ನಡದ ಮನೆಗಳಲ್ಲಿ ಅಳಿಯನೋ ಸೊಸೆಯೋ ಅಲ್ಲಿನವರೇ ಆಗಿರುವುದು ಈಗ ಹೊಸತೇನಲ್ಲ. ಮಗುವಿಗೆ ಶಾಲೆಯಲ್ಲಿ ಫ್ಯಾಮಿಲಿ ಟ್ರೀ ಬರೆದುಕೊಂಡು ಬಾ ಅನ್ನುತ್ತಾರೆ. ನಮ್ಮ ಕಡೆಯದನ್ನು ಅಜ್ಜಿಯ ಹತ್ತಿರ ಕೇಳಿ ನಾಲ್ಕೈದು ತಲೆಮಾರು ಬರೆದುಕೊಳ್ಳುತ್ತೇವೆ. ಬೀಗರ ಕಡೆಯವರು ಮಾತ್ರ ಒಮ್ಮೊಮ್ಮೆ ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು ಮುಂದಿಡುತ್ತಾರೆ. ನೂರು ವರ್ಷದ ಹಿಂದೆ ಅಚ್ಚಾದದ್ದು, ಇಂಥವನ ಸಂತತಿ ಅಂತ ಹೆಸರು, ಒಳಗೆ ಸಾವಿರಾರು ಜನ, ಮೊದಲ ಪುಟದಲ್ಲಿ ಹಡಗು ಹತ್ತಿ ಬಂದ ಮೂಲಪುರುಷ. ನೋಡಿದರೆ ಎಲ್ಲ ಕೆಲಸವೂ ಮುಗಿದಂತೆ ಕಾಣುತ್ತದೆ.

ಕೆಲಸ ಮುಗಿದಿಲ್ಲ. ಅಂಥ ಪುಸ್ತಕ ಎಲ್ಲಿ ಹುಡುಕಬೇಕು ಎಂದು ಹೇಳುತ್ತದೆ, ಅಷ್ಟೇ. ಅದನ್ನೇ ಸಾಕ್ಷಿ ಅಂದುಕೊಂಡರೆ ಬೇರೆ ಯಾರದೋ ಅಜ್ಜನನ್ನು ನಮ್ಮ ಅಜ್ಜ ಮಾಡಿಕೊಳ್ಳುತ್ತೇವೆ. ಅದರಲ್ಲೂ ತಪ್ಪು ಜಾಸ್ತಿ ಆಗುವುದು ಒಂದೇ ಜಾಗದಲ್ಲಿ: ಸಮುದ್ರ ದಾಟಿದ ಜಾಗದಲ್ಲಿ. ಅಮೆರಿಕದಲ್ಲಿ ಇದ್ದವನು ಮತ್ತು ಯೂರೋಪಿನ ಊರಿನಲ್ಲಿ ಹುಟ್ಟಿದವನು ಒಬ್ಬನೇ ಎಂದು ತೋರಿಸುವುದು ಈ ಕೆಲಸದ ಅತಿ ಕಷ್ಟದ ಭಾಗ, ಪುಸ್ತಕಗಳು ಅತಿ ಸುಲಭವಾಗಿ ದಾಟಿಬಿಡುವ ಭಾಗವೂ ಅದೇ. ಆ ಜಾಗವನ್ನು ಹೇಗೆ ದಾಟಬೇಕು ಅನ್ನುವುದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಈ ಪುಸ್ತಕಗಳು ಯಾಕೆ ಬಂದವು

ಇದು ಗೊತ್ತಿದ್ದರೆ ಪುಸ್ತಕವನ್ನು ಎಷ್ಟು ನಂಬಬೇಕು ಅನ್ನುವುದೂ ಗೊತ್ತಾಗುತ್ತದೆ. 1845ರಲ್ಲಿ ಬಾಸ್ಟನ್ನಿನಲ್ಲಿ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ ಶುರುವಾಯಿತು. 1847ರಿಂದ ಅದರ ಪತ್ರಿಕೆ ಬರತೊಡಗಿತು, ಎಲ್ಲರೂ ಅದನ್ನು ರಿಜಿಸ್ಟರ್ ಅನ್ನುತ್ತಾರೆ, ಇವತ್ತಿಗೂ ಬರುತ್ತಿದೆ. 1876ರಲ್ಲಿ ದೇಶಕ್ಕೆ ನೂರು ವರ್ಷ ತುಂಬಿತು, ಹಳೆಯ ಮನೆತನದವರಿಗೆಲ್ಲ ತಮ್ಮ ಬೇರು ಎಲ್ಲಿ ಎಂಬ ಹುಮ್ಮಸ್ಸು. 1890ರಲ್ಲಿ ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್ ಸಂಘ ಹುಟ್ಟಿತು. ಅದನ್ನು ಸೇರಬೇಕಾದರೆ ಸ್ವಾತಂತ್ರ್ಯ ಯುದ್ಧಕ್ಕೆ ನೆರವಾದವರ ವಂಶದವರು ಎಂದು ತೋರಿಸಬೇಕು. ಹೀಗೆ ಬೇಡಿಕೆ ಏರಿತು. ಪಾದ್ರಿಗಳು, ವಕೀಲರು, ನಿವೃತ್ತ ಮೇಷ್ಟ್ರುಗಳು ನೆಂಟರಿಗೆಲ್ಲ ಪತ್ರ ಬರೆದು, ಬಂದ ಉತ್ತರಗಳನ್ನು ಜೋಡಿಸಿ ಪುಸ್ತಕ ಮಾಡಿದರು. ಎಷ್ಟೋ ಜನ ಕೈಯಿಂದ ದುಡ್ಡು ಹಾಕಿದರು.

ಅವರ ಶ್ರಮ ಸಣ್ಣದಲ್ಲ. ಆಮೇಲೆ ಸುಟ್ಟುಹೋದ ದಾಖಲೆ, ಅಳಿಸಿಹೋದ ಸಮಾಧಿ ಕಲ್ಲು, ಕಳೆದುಹೋದ ಕುಟುಂಬದ ಬೈಬಲ್ ಅವರ ಪುಸ್ತಕದಲ್ಲಿ ಮಾತ್ರ ಉಳಿದಿರುವುದುಂಟು. ಹಾಗಾಗಿ ಹಳೆಯ ಪುಸ್ತಕ ಅಂತ ತಳ್ಳಿಹಾಕುವುದೂ ಬೇಡ. ಅದರಲ್ಲಿ ಯಾವ ಮಾತು ಯಾರಿಂದ ಬಂತು ಎಂದು ಬಿಡಿಸಿ ನೋಡಬೇಕು.

ಮೊದಲು ಪುಸ್ತಕ ಮುಚ್ಚಿಡಿ

ಹೊಸಬರು ಪುಸ್ತಕದ ಮೊದಲ ಪುಟದ ಮೂಲಪುರುಷನಿಂದ ಶುರು ಮಾಡಿ ಕೆಳಗೆ ಇಳಿಯುತ್ತಾ ಬರುತ್ತಾರೆ. ಇದು ತಲೆಕೆಳಗಾದ ಕೆಲಸ. ಬದುಕಿರುವವರಿಂದ ಹಿಂದಕ್ಕೆ ಹೋಗಬೇಕು. ಬೀಗರ ಮನೆಯ ಹಿರಿಯರ ಹತ್ತಿರ ಕೂತು ಅವರ ಅಪ್ಪ ಅಮ್ಮ, ಅಜ್ಜ ಅಜ್ಜಿಯರ ಹೆಸರು, ಊರು, ಮದುವೆಯಾದ ಜಾಗ, ಸಮಾಧಿ ಇರುವ ಜಾಗ ಬರೆದುಕೊಳ್ಳಿ. ಅಮ್ಮಂದಿರ ತವರಿನ ಹೆಸರು ತಪ್ಪದೆ ಕೇಳಿ. ಮದುವೆಯಾದ ಮೇಲೆ ಹೆಂಗಸರ ಹೆಸರು ಬದಲಾಗಿ ಅರ್ಧ ವಂಶವೇ ಕಣ್ಣಿಗೆ ಬೀಳದೆ ಹೋಗುವುದು ಅಲ್ಲಿ ಮಾಮೂಲು.

ಆಮೇಲೆ ಜನಗಣತಿ. ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಗಣತಿ ಆಗಿದೆ. ವೈಯಕ್ತಿಕ ವಿವರ ಇರುವ ಹಾಳೆಗಳನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ಬಿಡುತ್ತಾರೆ. 1950ರ ಗಣತಿ 2022ರ ಏಪ್ರಿಲ್‌ನಲ್ಲಿ ತೆರೆಯಿತು. ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲಿ ಇವನ್ನು ದುಡ್ಡು ಕೊಡದೆ ನೋಡಬಹುದು, ಒಂದು ಖಾತೆ ಮಾಡಿಕೊಂಡರೆ ಸಾಕು.

1950ರಿಂದ ಒಂದೊಂದೇ ಗಣತಿ ಹಿಂದಕ್ಕೆ ಹೋಗಿ, ಒಂದನ್ನೂ ಹಾರಿಸಬೇಡಿ. ಪ್ರತಿ ಗಣತಿಯಲ್ಲೂ ಪ್ರಶ್ನೆಗಳು ಬೇರೆ. 1940ರದ್ದರಲ್ಲಿ ಉತ್ತರ ಹೇಳಿದವರ ಹೆಸರಿನ ಪಕ್ಕ ಸುತ್ತು ಹಾಕಿದ ಗುಣಿಸು ಗುರುತು ಇರುತ್ತದೆ, ಮಾಹಿತಿ ಯಾರ ಬಾಯಿಂದ ಬಂತು ಎಂದು ಗೊತ್ತಾಗುತ್ತದೆ. 1920ರದ್ದು ಪೌರತ್ವ ಸಿಕ್ಕ ವರ್ಷ ಕೇಳುತ್ತದೆ. 1900ರದ್ದು ಅಮೆರಿಕಕ್ಕೆ ಬಂದ ವರ್ಷ, ಹುಟ್ಟಿದ ತಿಂಗಳು ಮತ್ತು ವರ್ಷ, ತಾಯಿಗೆ ಎಷ್ಟು ಮಕ್ಕಳಾದರು, ಎಷ್ಟು ಉಳಿದರು ಎಂದೂ ಕೇಳುತ್ತದೆ. 1880ರದ್ದರಿಂದ ತಂದೆ ತಾಯಿ ಹುಟ್ಟಿದ ದೇಶ ಸಿಗುತ್ತದೆ. 1850ರಿಂದ ಗುಲಾಮರನ್ನು ಬಿಟ್ಟು ಮನೆಯ ಎಲ್ಲರ ಹೆಸರೂ ಇದೆ, ಅದಕ್ಕೆ ಹಿಂದಿನದರಲ್ಲಿ ಯಜಮಾನನ ಹೆಸರು ಮಾತ್ರ. 1890ರ ಗಣತಿ ಬಹುಪಾಲು ಇಲ್ಲ, 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿಗೆ ಸಿಕ್ಕಿ ಹಾಳಾಯಿತು. ಹಾಗಾಗಿ 1880ರಿಂದ 1900ಕ್ಕೆ ಇಪ್ಪತ್ತು ವರ್ಷದ ಕಂದಕ. ಅದನ್ನು ಊರಿನ ಡೈರೆಕ್ಟರಿ, ಚರ್ಚಿನ ಪುಸ್ತಕ, ಕೆಲವು ರಾಜ್ಯಗಳು ತಾವೇ ಮಾಡಿದ ಗಣತಿಗಳಿಂದ ತುಂಬಬೇಕು.

ಹುಟ್ಟು ಸಾವಿನ ಸರ್ಕಾರಿ ದಾಖಲೆ ಎಲ್ಲ ರಾಜ್ಯದಲ್ಲೂ ಒಂದೇ ಕಾಲಕ್ಕೆ ಶುರುವಾಗಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ರಾಜ್ಯಮಟ್ಟದ ನೋಂದಣಿ 1841ರಿಂದ, ಪೆನ್ಸಿಲ್ವೇನಿಯಾದಲ್ಲಿ 1906ರಿಂದ. ಯಾವ ರಾಜ್ಯ, ಯಾವ ವರ್ಷ ಎಂದು ಮೊದಲು ತಿಳಿದುಕೊಳ್ಳಿ, ಇಲ್ಲದ ದಾಖಲೆಯನ್ನು ಹುಡುಕುತ್ತಾ ಸುಮ್ನೆ ದಿನ ಕಳೆಯುವುದು ತಪ್ಪುತ್ತದೆ.

ಹೀಗೆ ಹಿಂದಕ್ಕೆ ಹೋಗುತ್ತಾ ಪುಸ್ತಕದಲ್ಲಿ ಇರುವ ಒಬ್ಬ ವ್ಯಕ್ತಿಯನ್ನು ಮುಟ್ಟುತ್ತೀರಲ್ಲ, ಆಗ ಪುಸ್ತಕ ತೆರೆಯಿರಿ.

ಪುಸ್ತಕವೇ ಇಲ್ಲದಿದ್ದರೆ

ಮನೆಯಲ್ಲಿ ಇಲ್ಲ ಅಂದರೆ ಎಲ್ಲೂ ಇಲ್ಲ ಅಂತಲ್ಲ. ಇಂಟರ್ನೆಟ್ ಆರ್ಕೈವ್, ಹಾತಿಟ್ರಸ್ಟ್, ಗೂಗಲ್ ಬುಕ್ಸ್, ಫ್ಯಾಮಿಲಿಸರ್ಚಿನ ಡಿಜಿಟಲ್ ಲೈಬ್ರರಿ, ಈ ನಾಲ್ಕು ಜಾಲತಾಣಗಳನ್ನು ಮೊದಲು ನೋಡಿ. 1925ಕ್ಕಿಂತ ಮೊದಲು ಅಮೆರಿಕದಲ್ಲಿ ಅಚ್ಚಾದ ಪುಸ್ತಕಗಳಿಗೆ ಈಗ ಹಕ್ಕುಸ್ವಾಮ್ಯ ಇಲ್ಲ, ಪೂರ್ತಿ ಓದಬಹುದು. ಆಮೇಲಿನವು ಬೇಕಾದರೆ ವರ್ಲ್ಡ್‌ಕ್ಯಾಟ್ ಎಂಬ ಗ್ರಂಥಾಲಯಗಳ ಆನ್‌ಲೈನ್ ಪುಸ್ತಕಪಟ್ಟಿಯಲ್ಲಿ ಯಾವ ಗ್ರಂಥಾಲಯದಲ್ಲಿ ಪ್ರತಿ ಇದೆ ಎಂದು ನೋಡಿ. ಸಾಲ್ಟ್ ಲೇಕ್ ಸಿಟಿಯ ಫ್ಯಾಮಿಲಿಸರ್ಚ್ ಗ್ರಂಥಾಲಯ, ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿರುವ ಆಲೆನ್ ಕೌಂಟಿ ಗ್ರಂಥಾಲಯ, ಲೈಬ್ರರಿ ಆಫ್ ಕಾಂಗ್ರೆಸ್, ಇವು ಮೂರೂ ಇದಕ್ಕೆ ದೊಡ್ಡ ಹೆಸರು.

ಮನೆತನದ ಹೆಸರಿನ ಜೊತೆ ಜೀನಿಯಾಲಜಿ, ಫ್ಯಾಮಿಲಿ, ಡಿಸೆಂಡೆಂಟ್ಸ್ ಎಂಬ ಮಾತುಗಳನ್ನು ಸೇರಿಸಿ ಹುಡುಕಿ. ಕಾಗುಣಿತ ಬದಲಾಯಿಸಿ ಹುಡುಕಿ, ಒಂದೇ ಮನೆತನ ಮೂರು ನಾಲ್ಕು ಥರ ಬರೆದುಕೊಂಡಿರುತ್ತದೆ. ಪುಸ್ತಕಗಳು ಗಂಡುಸಂತತಿಯ ಬೆನ್ನು ಹತ್ತಿ ಹೋಗುವುದರಿಂದ ಮಗಳ ಮಕ್ಕಳು ಒಂದೇ ಸಾಲಿನಲ್ಲಿ ಮುಗಿದುಹೋಗುತ್ತಾರೆ. ಹಾಗಾಗಿ ನಿಮ್ಮ ಮನೆತನದ ಬಗ್ಗೆ ಪುಸ್ತಕ ಇಲ್ಲದಿದ್ದರೂ ಅಜ್ಜಿಯ ತವರಿನ ಪುಸ್ತಕದ ಮೂಲೆಯಲ್ಲಿ ನಿಮ್ಮವರು ಇರಬಹುದು. ಹೆಂಡತಿಯರ, ಅತ್ತೆಯರ ತವರು ಹೆಸರಿನಲ್ಲೂ ಹುಡುಕಿ. ಹಳೆಯ ಪುಸ್ತಕದ ಕೊನೆಯಲ್ಲಿ ಎರಡು ಹೆಸರುಪಟ್ಟಿ ಇರುವುದುಂಟು, ಮನೆತನದವರದು ಒಂದು, ಮದುವೆಯಾಗಿ ಬಂದವರದು ಇನ್ನೊಂದು. ಎರಡನ್ನೂ ನೋಡಿ.

ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಚರಿತ್ರೆಗಳನ್ನೂ ಬಿಡಬೇಡಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಒಂದೊಂದು ಕೌಂಟಿಗೂ ಇಂಥ ಪುಸ್ತಕ ಬಂತು, ಮುಂಗಡ ದುಡ್ಡು ಕೊಟ್ಟವರ ಜೀವನಚರಿತ್ರೆ ಒಳಗೆ. ಇವಕ್ಕೆ ಮಗ್ ಬುಕ್ ಅನ್ನುತ್ತಾರೆ. ಹೊಗಳಿಕೆ ಜಾಸ್ತಿ ಇರುತ್ತದೆ. ಆದರೆ ವಲಸೆ ಬಂದವನು ಬದುಕಿದ್ದಾಗಲೇ ಬರೆದದ್ದಾದರೆ ಅವನು ಹುಟ್ಟಿದ ಹಳ್ಳಿಯ ಹೆಸರು ಸಿಗುವ ಸಂಭವ ಇದೆ, ಅದೇ ಚಿನ್ನ.

ಓದುವ ಕ್ರಮ

ಈ ಪುಸ್ತಕಗಳ ಅಂಕಿಗಳನ್ನು ಕಂಡು ಗಾಬರಿಯಾಗಬೇಡಿ. 1870ರಲ್ಲಿ ರಿಜಿಸ್ಟರ್ ಪತ್ರಿಕೆ ಒಂದು ಕ್ರಮ ತಂದಿತು, ಬಹಳಷ್ಟು ಪುಸ್ತಕಗಳು ಅದನ್ನೋ ಅದರ ರೂಪಾಂತರವನ್ನೋ ಹಿಡಿದಿವೆ. ಹೆಸರಿನ ತಲೆಯ ಮೇಲೆ ಸಣ್ಣ ಅಂಕಿ ಇದ್ದರೆ ಅದು ತಲೆಮಾರು, ಮೂಲಪುರುಷ 1, ಅವನ ಮಕ್ಕಳು 2. ಮಕ್ಕಳ ಪಟ್ಟಿಯಲ್ಲಿ ಪ್ರತಿಯೊಬ್ಬರಿಗೂ ಸಣ್ಣ ರೋಮನ್ ಅಂಕಿ. ಅವರಲ್ಲಿ ಕೆಲವರ ಹೆಸರಿನ ಹಿಂದೆ ಮಾಮೂಲಿ ಅಂಕಿ ಇರುತ್ತದೆ, 27 ಅಂತಲೋ 58 ಅಂತಲೋ. ಅಂಥವರ ಕಥೆ ಮುಂದೆ ಅದೇ ಅಂಕಿಯ ಕೆಳಗೆ ಮುಂದುವರಿಯುತ್ತದೆ. ಅಂಕಿ ಇಲ್ಲದವರ ಕಥೆ ಅಲ್ಲಿಗೇ ನಿಂತಿತು. ನಿಂತದ್ದು ಅವರು ಮಕ್ಕಳಿಲ್ಲದೆ ಸತ್ತರು ಎಂದಲ್ಲ, ಬರೆದವರಿಗೆ ವಿಷಯ ಸಿಗಲಿಲ್ಲ ಅಥವಾ ಅವರು ಹೆಣ್ಣುಮಕ್ಕಳಾಗಿದ್ದರು ಎಂದಿರಬಹುದು.

ತಾರೀಖಿನ ವಿಷಯಕ್ಕೆ ಬಂದರೆ 1752ರವರೆಗೆ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅದಕ್ಕೇ ಫೆಬ್ರುವರಿಯ ತಾರೀಖನ್ನು 1731/32 ಅಂತ ಬರೆದಿರುತ್ತಾರೆ. ಇದು ಗೊತ್ತಿಲ್ಲದೆ ನೋಡಿದರೆ ಮಗು ಮದುವೆಗೆ ಮೊದಲೇ ಹುಟ್ಟಿದಂತೆ ಕಾಣುತ್ತದೆ. ಕ್ವೇಕರ್ ಎಂಬ ಕ್ರೈಸ್ತ ಪಂಥದವರು ತಿಂಗಳಿಗೆ ಹೆಸರು ಹಾಕದೆ ಅಂಕಿ ಹಾಕುತ್ತಿದ್ದರು, 1752ಕ್ಕೆ ಮೊದಲು ಅವರ ಮೊದಲ ತಿಂಗಳು ಅಂದರೆ ಮಾರ್ಚ್.

ಸಂಬಂಧದ ಮಾತುಗಳೂ ಹಾಗೇ. ಹಳೆಯ ದಾಖಲೆಯಲ್ಲಿ ಜೂನಿಯರ್ ಅಂದರೆ ಮಗನೇ ಆಗಬೇಕಿಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಚಿಕ್ಕವನಿಗೆ ಜೂನಿಯರ್ ಅನ್ನುತ್ತಿದ್ದರು, ಅವನು ದೊಡ್ಡವನ ಅಣ್ಣನ ಮಗನೂ ಇರಬಹುದು, ಸಂಬಂಧವೇ ಇಲ್ಲದವನೂ ಇರಬಹುದು. ಸನ್ ಇನ್ ಲಾ ಅಂತ ಇದ್ದರೆ ಅಳಿಯ ಅಂತಲೇ ಓದಬೇಡಿ, ಹೆಂಡತಿಯ ಮೊದಲ ಮದುವೆಯ ಮಗನೂ ಆಗಿರಬಹುದು.

ಪರೀಕ್ಷೆ

ಮೊದಲು ಮುನ್ನುಡಿ ಓದಿ. ಎಲ್ಲರೂ ಹಾರಿಸುವ ಭಾಗ ಇದು. ಬರೆದವರು ಯಾರು, ಎಲ್ಲಿಂದ ವಿಷಯ ತಂದರು, ಯಾರು ಪತ್ರ ಬರೆದರು, ಯಾವ ಶಾಖೆಯವರು ಉತ್ತರ ಕೊಡಲಿಲ್ಲ, ಇದೆಲ್ಲ ಅಲ್ಲೇ ಇರುತ್ತದೆ. 1900ರಲ್ಲಿ ಬರೆದವರು ತಮ್ಮ ಅಜ್ಜ ಅಜ್ಜಿಯ ಬಗ್ಗೆ ಬರೆದದ್ದು ಒಂದು ತೂಕ, 1640ರವರ ಬಗ್ಗೆ ಬರೆದದ್ದು ಬೇರೆ ತೂಕ. ಮೊದಲ ಎರಡು ಮೂರು ತಲೆಮಾರುಗಳು ಪುಸ್ತಕದಲ್ಲಿ ಅತಿ ವೈಭವದಿಂದ ಇರುತ್ತವೆ, ಅತಿ ದುರ್ಬಲವೂ ಅವೇ.

ಕೆಲವು ಗುರುತುಗಳನ್ನು ಕಂಡಕೂಡಲೇ ಎಚ್ಚರವಾಗಬೇಕು. ಮೂವರು ಅಣ್ಣತಮ್ಮಂದಿರು ಒಂದೇ ಹಡಗಿನಲ್ಲಿ ಬಂದರು, ಒಬ್ಬ ಉತ್ತರಕ್ಕೆ, ಒಬ್ಬ ದಕ್ಷಿಣಕ್ಕೆ, ಒಬ್ಬ ಪಶ್ಚಿಮಕ್ಕೆ ಹೋದ ಎನ್ನುವ ಕಥೆ ನೂರಾರು ಮನೆತನಗಳಲ್ಲಿದೆ. ಒಂದೇ ಹೆಸರಿನವರು ಮೂರು ಕಡೆ ಇರುವುದಕ್ಕೆ ಕಾರಣ ಬೇಕಿತ್ತು, ಕಥೆ ಹುಟ್ಟಿತು. ಮುಖಪುಟದ ಒಳಗೆ ಬಣ್ಣದ ರಾಜಲಾಂಛನ, ಮೂಲಪುರುಷನಿಗೆ ಇಂಗ್ಲೆಂಡಿನ ಯಾವುದೋ ದೊಡ್ಡ ಮನೆತನದ ನಂಟು, ಆ ನಂಟಿಗೆ ಮಾತ್ರ ದಾಖಲೆಯಿಲ್ಲ. ಇಂಥದ್ದು ಕಂಡರೆ ನಿಲ್ಲಿ.

ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಗುಸ್ತಾವ್ ಆಂಜೌ ಎಂಬಾತ ನ್ಯೂಯಾರ್ಕಿನಲ್ಲಿ ಕೂತು ಹಣವಂತರಿಗೆ ವಂಶಾವಳಿ ಮಾಡಿ ಮಾರುತ್ತಿದ್ದ. ಅವನ ಕೈಚಳಕ ಹೇಗಿತ್ತೆಂದರೆ ನಿಜವಾದ ದಾಖಲೆಗಳನ್ನು ರಾಶಿ ಹಾಕಿ, ಒಂದು ತಲೆಮಾರಿಗೂ ಇನ್ನೊಂದಕ್ಕೂ ಕೊಂಡಿ ಬೇಕಾದ ಜಾಗದಲ್ಲಿ ಮಾತ್ರ ತಾನೇ ಕಟ್ಟಿದ ದಾಖಲೆ ಸೇರಿಸುತ್ತಿದ್ದ. ಓದಿದವರು ಸುತ್ತಲಿನ ನಿಜ ನೋಡಿ ನಡುವಿನ ಸುಳ್ಳನ್ನೂ ನಂಬಿದರು. ಅವನು 1942ರಲ್ಲಿ ತೀರಿಕೊಂಡ, ಅವನ ವಂಶಾವಳಿಗಳು ಇವತ್ತಿಗೂ ಆನ್‌ಲೈನ್ ಮರಗಳಲ್ಲಿ ಪ್ರತಿಯ ಮೇಲೆ ಪ್ರತಿಯಾಗಿ ಓಡಾಡುತ್ತಿವೆ. ನೂರು ಜನ ಒಂದೇ ಮಾತು ಬರೆದಿದ್ದಾರೆ ಅಂದರೆ ಅದು ನೂರು ಸಾಕ್ಷಿ ಅಲ್ಲ, ಅಲ್ವಾ? ಎಲ್ಲರೂ ಒಂದೇ ಪುಸ್ತಕ ನೋಡಿ ಬರೆದಿರುತ್ತಾರೆ.

ಹಾಗಾಗಿ ಒಂದೊಂದು ಕೊಂಡಿಯನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ಇವನು ಅವನ ಮಗ ಎಂದು ಯಾವ ದಾಖಲೆ ಹೇಳುತ್ತದೆ? ಎಲ್ಲಕ್ಕಿಂತ ಗಟ್ಟಿಯಾದದ್ದು ಉಯಿಲು ಮತ್ತು ಆಸ್ತಿ ಹಂಚಿಕೆಯ ಕೋರ್ಟು ಕಾಗದ, ಅದರಲ್ಲಿ ಮಕ್ಕಳ ಹೆಸರು, ಅಳಿಯಂದಿರ ಹೆಸರು ಬರುತ್ತದೆ. ಅಪ್ಪ ಸತ್ತ ಮೇಲೆ ಮಕ್ಕಳೆಲ್ಲ ಸೇರಿ ಜಮೀನು ಮಾರಿದ ಕ್ರಯಪತ್ರವೂ ಅಷ್ಟೇ ಒಳ್ಳೆಯದು. ಸ್ವಾತಂತ್ರ್ಯ ಯುದ್ಧದ ಪಿಂಚಣಿ ಕಡತಗಳಲ್ಲಿ ವಿಧವೆಯರು ಮದುವೆಯನ್ನು ತೋರಿಸಲು ಕುಟುಂಬದ ಬೈಬಲಿನ ಹಾಳೆಯನ್ನೇ ಹರಿದು ಕಳಿಸಿರುವುದುಂಟು. ನ್ಯೂ ಇಂಗ್ಲೆಂಡಿನವರಾದರೆ (ಅಮೆರಿಕದ ಈಶಾನ್ಯ ಮೂಲೆಯ ರಾಜ್ಯಗಳಿಗೆ ಹಾಗನ್ನುತ್ತಾರೆ) ಮ್ಯಾಸಚೂಸೆಟ್ಸ್‌ನ ಊರೂರಿನ ಹುಟ್ಟು, ಮದುವೆ, ಸಾವು 1850ರವರೆಗೆ ಪುಸ್ತಕಗಳಾಗಿ ಅಚ್ಚಾಗಿವೆ, ಆನ್‌ಲೈನಿನಲ್ಲೂ ಇವೆ.

ಪುಸ್ತಕ ಬಂದ ಮೇಲೆ ಬೇರೆಯವರು ತಿದ್ದಿದ್ದಾರಾ ಎಂದೂ ನೋಡಬೇಕು. ರಿಜಿಸ್ಟರ್, ದಿ ಅಮೆರಿಕನ್ ಜೀನಿಯಾಲಜಿಸ್ಟ್, ನ್ಯಾಷನಲ್ ಜೀನಿಯಲಾಜಿಕಲ್ ಸೊಸೈಟಿಯ ತ್ರೈಮಾಸಿಕ, ಇವುಗಳಲ್ಲಿ ಹಳೆಯ ಪುಸ್ತಕಗಳ ತಪ್ಪುಗಳನ್ನು ದಾಖಲೆ ಇಟ್ಟು ತಿದ್ದಿದ ಲೇಖನ ತುಂಬಾ ಇವೆ. ಅವನ್ನು ಹುಡುಕಲು ಆಲೆನ್ ಕೌಂಟಿ ಗ್ರಂಥಾಲಯದವರು ಕಟ್ಟಿದ ಪರ್ಸಿ ಎಂಬ ಸೂಚಿ ಇದೆ. 1620ರಲ್ಲಿ ಇಂಗ್ಲೆಂಡಿನಿಂದ ವಲಸಿಗರನ್ನು ತಂದ ಮೇಫ್ಲವರ್ ಹಡಗಿನವರ ವಂಶವಾದರೆ ಮೇಫ್ಲವರ್ ಸಂತತಿ ಸಂಘದವರು ತಂದಿರುವ ಸಿಲ್ವರ್ ಬುಕ್ಸ್ ನೋಡಿ, ಪ್ರತಿ ಮಾತಿಗೂ ದಾಖಲೆ ಕೊಟ್ಟಿದ್ದಾರೆ. ಅಚ್ಚಾದ ವಂಶಾವಳಿ ಹೇಗಿರಬೇಕು ಎಂದು ನೋಡಲಾದರೂ ಒಮ್ಮೆ ತೆರೆಯಬೇಕಾದ ಪುಸ್ತಕಗಳು.

ಸಮುದ್ರ ದಾಟುವ ಮೊದಲು

ಒಂದು ನಿಯಮ ಇಟ್ಟುಕೊಳ್ಳಿ. ಊರಿನ ಹೆಸರು ಸಿಗುವವರೆಗೆ ಯೂರೋಪಿನ ದಾಖಲೆಗೆ ಕೈ ಹಾಕಬೇಡಿ. ಜರ್ಮನಿ, ಐರ್ಲೆಂಡ್ ಅನ್ನುವ ಹೆಸರು ಸಾಲದು. ಹಳ್ಳಿ ಬೇಕು, ಚರ್ಚಿನ ವ್ಯಾಪ್ತಿ ಬೇಕು. ಆ ಹಳ್ಳಿಯ ಹೆಸರು ಹೆಚ್ಚಾಗಿ ಅಮೆರಿಕದ ಕಾಗದಗಳಲ್ಲೇ ಇರುತ್ತದೆ. ಸಮಾಧಿ ಕಲ್ಲು, ಚರ್ಚಿನ ಮದುವೆ ಪುಸ್ತಕ, ಅವರ ಭಾಷೆಯ ಪತ್ರಿಕೆಯಲ್ಲಿ ಬಂದ ಸಾವಿನ ಸುದ್ದಿ, ಪೌರತ್ವದ ಅರ್ಜಿ, ಅಣ್ಣತಮ್ಮಂದಿರ ಕಾಗದ, ಎಲ್ಲವನ್ನೂ ಮುಗಿಸಿ.

ಹೆಸರು ಹೊಂದಿತು ಎಂದು ಹಾರಿದರೆ ಏನಾಗುತ್ತದೆ ಎನ್ನುವುದಕ್ಕೆ ಆ್ಯನಿ ಮೂರ್ ಕಥೆ ಸಾಕು. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ಐಲೆಂಡ್ ವಲಸೆ ಕೇಂದ್ರ ತೆರೆದಾಗ ಮೊದಲು ಒಳಗೆ ಬಂದವಳು ಐರ್ಲೆಂಡಿನ ಕಾರ್ಕ್‌ನಿಂದ ಇಬ್ಬರು ತಮ್ಮಂದಿರ ಜೊತೆ ಬಂದ ಈ ಹುಡುಗಿ. ಆಮೇಲೆ ಅವಳು ಪಶ್ಚಿಮಕ್ಕೆ ಹೋದಳು, ಟೆಕ್ಸಸ್‌ನಲ್ಲಿ ಮದುವೆಯಾದಳು, ಅಲ್ಲೇ ಅಪಘಾತದಲ್ಲಿ ಸತ್ತಳು ಎಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು. ಆ ಟೆಕ್ಸಸ್ ಹೆಂಗಸಿನ ಮನೆಯವರೂ ನಂಬಿದ್ದರು, ಸಮಾರಂಭಗಳಿಗೆ ಹೋಗಿ ಬಂದಿದ್ದರು. ಮೆಗನ್ ಸ್ಮೊಲೆನ್ಯಾಕ್ ಎಂಬ ಸಂಶೋಧಕಿ ದಾಖಲೆ ತೆಗೆದು ನೋಡಿದರೆ ಟೆಕ್ಸಸ್‌ನವಳು ಹುಟ್ಟಿದ್ದೇ ಅಮೆರಿಕದ ಇಲಿನಾಯ್‌ನಲ್ಲಿ! ನಿಜವಾದ ಆ್ಯನಿ ನ್ಯೂಯಾರ್ಕ್ ಬಿಟ್ಟು ಹೋಗಿರಲೇ ಇಲ್ಲ. ಅಲ್ಲೇ ಮದುವೆಯಾಗಿ, ಮಕ್ಕಳನ್ನು ಹೆತ್ತು, 1924ರಲ್ಲಿ ತೀರಿಕೊಂಡಿದ್ದಳು. 2006ರಲ್ಲಿ ಈ ವಿಷಯ ಹೊರಗೆ ಬಂತು. ಅಷ್ಟು ಹೆಸರುವಾಸಿಯಾದ ವಲಸೆಗಾರ್ತಿಯ ವಿಷಯದಲ್ಲೇ ಹೀಗಾದರೆ ನಮ್ಮ ನಿಮ್ಮ ಬೀಗರ ಪೂರ್ವಜರ ವಿಷಯದಲ್ಲಿ ಎಷ್ಟು ಎಚ್ಚರ ಬೇಕು ಯೋಚಿಸಿ.

ಕಾಲಕ್ಕೆ ತಕ್ಕ ದಾಖಲೆ

ಬಂದ ಕಾಲ ಗೊತ್ತಾದರೆ ಯಾವ ಕಾಗದ ಹುಡುಕಬೇಕು ಎಂದು ಗೊತ್ತಾಗುತ್ತದೆ. 1820ಕ್ಕಿಂತ ಮೊದಲು ಹಡಗಿನ ಪಟ್ಟಿ ಇಡಬೇಕು ಎಂಬ ದೇಶದ ಕಾನೂನು ಇರಲಿಲ್ಲ, ಉಳಿದಿರುವುದು ಚೂರುಪಾರು. 1620ರಿಂದ 1640ರ ನಡುವೆ ನ್ಯೂ ಇಂಗ್ಲೆಂಡಿಗೆ ಬಂದವರಾದರೆ ರಾಬರ್ಟ್ ಚಾರ್ಲ್ಸ್ ಆಂಡರ್ಸನ್ ಅವರ ಗ್ರೇಟ್ ಮೈಗ್ರೇಷನ್ ಸಂಪುಟಗಳು ಮೊದಲು ನೋಡಬೇಕಾದವು. ಒಬ್ಬೊಬ್ಬ ವಲಸಿಗನ ಬಗ್ಗೆ ಏನು ಗೊತ್ತು, ಯಾವ ಹಳೆಯ ಮಾತು ಸುಳ್ಳು ಎಂದು ಬಿಡಿಸಿ ಹೇಳುತ್ತವೆ. ಪೆನ್ಸಿಲ್ವೇನಿಯಾಕ್ಕೆ ಬಂದ ಜರ್ಮನರದು ಸ್ವಲ್ಪ ಅದೃಷ್ಟ. 1727ರಿಂದ ಅಲ್ಲಿ ಇಳಿದ 16 ದಾಟಿದ ಗಂಡಸರು ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಬೇಕಿತ್ತು. 1934ರಲ್ಲಿ ಸ್ಟ್ರಾಸ್‌ಬರ್ಗರ್ ಮತ್ತು ಹಿಂಕೆ ಅವರು ಆ ಪಟ್ಟಿಗಳನ್ನು ಸಹಿಗಳ ಚಿತ್ರ ಸಮೇತ ಅಚ್ಚು ಹಾಕಿಸಿದರು. ಇಂಗ್ಲಿಷ್ ಗುಮಾಸ್ತ ಕಿವಿಗೆ ಕೇಳಿದಂತೆ ಬರೆದ ಹೆಸರು ಒಂದು, ಆ ಮನುಷ್ಯ ತನ್ನ ಕೈಯಾರೆ ಬರೆದ ಹೆಸರು ಇನ್ನೊಂದು. ಜರ್ಮನಿಯಲ್ಲಿ ಹುಡುಕಬೇಕಾದದ್ದು ಎರಡನೆಯದನ್ನು.

1820ರಿಂದ ಹಡಗಿನ ಪಟ್ಟಿಗಳಿವೆ, ಆದರೆ ಬಹಳ ಕಾಲ ಅವುಗಳಲ್ಲಿ ಹೆಸರು, ವಯಸ್ಸು, ಕಸುಬು, ದೇಶ ಇಷ್ಟೇ. 1890ರ ದಶಕದಲ್ಲಿ ಪ್ರಶ್ನೆಗಳು ಹೆಚ್ಚಾದವು. 1906-07ರ ಹೊತ್ತಿಗೆ ಹುಟ್ಟಿದ ಊರು, ಬಿಟ್ಟುಬಂದ ಊರಿನಲ್ಲಿರುವ ಹತ್ತಿರದ ನೆಂಟರ ಹೆಸರು ಕೂಡ ಬಂತು. ನ್ಯೂಯಾರ್ಕ್ ಒಂದನ್ನೇ ನೋಡಬೇಡಿ. ಬಾಲ್ಟಿಮೋರ್, ಫಿಲಡೆಲ್ಫಿಯಾ, ನ್ಯೂ ಆರ್ಲಿಯನ್ಸ್, ಗ್ಯಾಲ್ವೆಸ್ಟನ್ ಬಂದರುಗಳಲ್ಲಿ ಇಳಿದವರು ಲೆಕ್ಕವಿಲ್ಲದಷ್ಟು, ಕೆನಡಾದ ಕ್ವಿಬೆಕ್‌ನಲ್ಲಿ ಇಳಿದು ಗಡಿ ದಾಟಿದವರೂ ಇದ್ದಾರೆ. ಎಲ್ಲಿಸ್ ಐಲೆಂಡಿನಲ್ಲಿ 1897ರಲ್ಲಿ ಬೆಂಕಿ ಬಿತ್ತು, ಎಲ್ಲ ಸುಟ್ಟುಹೋಯಿತು ಎಂದು ಮನೆಯವರು ಹೇಳಬಹುದು. ನ್ಯೂಯಾರ್ಕಿನ ಹಳೆಯ ಹಡಗಿನ ಪಟ್ಟಿಗಳು ಉಳಿದಿವೆ, ಕೈಬಿಡಬೇಡಿ.

ಎಲ್ಲಿಸ್ ಐಲೆಂಡಿನ ಅಧಿಕಾರಿ ನಮ್ಮ ಹೆಸರು ಬದಲಾಯಿಸಿದ ಎನ್ನುವ ಮಾತನ್ನೂ ಪ್ರತಿ ಮನೆಯಲ್ಲಿ ಕೇಳುತ್ತೀರಿ. ಪಟ್ಟಿ ಬರೆಯುತ್ತಿದ್ದದ್ದು ಹಡಗಿನ ಕಂಪನಿಯವರು, ಹೊರಡುವ ಬಂದರಿನ ಕಡೆಯಲ್ಲಿ. ಅಧಿಕಾರಿಯ ಕೆಲಸ ಆ ಪಟ್ಟಿ ಹಿಡಿದು ತಾಳೆ ನೋಡುವುದು, ಪಕ್ಕದಲ್ಲಿ ದುಭಾಷಿಗಳೂ ಇರುತ್ತಿದ್ದರು. ಹೆಸರು ಬದಲಾದದ್ದು ಆಮೇಲೆ, ಕೆಲಸದ ಜಾಗದಲ್ಲಿ, ಶಾಲೆಯಲ್ಲಿ, ಅವರೇ ಮನಸ್ಸು ಮಾಡಿ. ಆದ್ದರಿಂದ ಹಡಗಿನ ಪಟ್ಟಿಯಲ್ಲಿ ಹಳೆಯ ಹೆಸರನ್ನೇ ಹುಡುಕಬೇಕು.

ಪೌರತ್ವದ ಕಾಗದಕ್ಕೆ 1906ರ ಸೆಪ್ಟೆಂಬರ್ 27 ಗಡಿ. ಅದಕ್ಕೆ ಮೊದಲು ಯಾವ ಕೋರ್ಟಿನಲ್ಲಿ ಬೇಕಾದರೂ ಅರ್ಜಿ ಹಾಕಬಹುದಿತ್ತು, ನಮೂನೆ ಒಂದೇ ಥರ ಇರಲಿಲ್ಲ, ಬರೀ ದೇಶದ ಹೆಸರು ಬರೆದು ಮುಗಿಸಿರುವುದೇ ಜಾಸ್ತಿ. ಅದರ ನಂತರದ್ದರಲ್ಲಿ ಹುಟ್ಟಿದ ಊರು, ಹಡಗು, ಬಂದ ತಾರೀಖು, ಹೆಂಡತಿ ಮಕ್ಕಳ ವಿವರ ಎಲ್ಲ ಇದೆ. ಗಣತಿಯ ಹಾಳೆಯಲ್ಲಿ ಪೌರತ್ವದ ಕಲಂನಲ್ಲಿ ಮೂರು ಸಂಕ್ಷೇಪ ನೋಡುತ್ತೀರಿ: ಎನ್‌ಎ ಇದ್ದರೆ ಪೌರತ್ವ ಸಿಕ್ಕಿದೆ, ಪಿಎ ಇದ್ದರೆ ಮೊದಲ ಅರ್ಜಿ ಹಾಕಿದ್ದಾರೆ, ಎಎಲ್ ಇದ್ದರೆ ಇನ್ನೂ ವಿದೇಶಿ. ಇದನ್ನು ನೋಡಿ ಯಾವ ಹತ್ತು ವರ್ಷದಲ್ಲಿ ಹುಡುಕಬೇಕು ಎಂದು ಲೆಕ್ಕ ಹಾಕಿ. 1922ರವರೆಗೆ ಗಂಡನಿಗೆ ಪೌರತ್ವ ಬಂದರೆ ಹೆಂಡತಿಗೂ ತಾನಾಗಿ ಬರುತ್ತಿತ್ತು, ಹಾಗಾಗಿ ಅಜ್ಜಿಯ ಹೆಸರಿನ ಕಾಗದ ಇಲ್ಲದಿರಬಹುದು.

ನೇರ ಅಜ್ಜನ ಕಾಗದದಲ್ಲಿ ಊರು ಸಿಗದಿದ್ದರೆ ಅಕ್ಕಪಕ್ಕದವರನ್ನು ಹಿಡಿಯಿರಿ. ಜನ ಒಬ್ಬೊಬ್ಬರೇ ಬರಲಿಲ್ಲ. ಒಂದೇ ಹಳ್ಳಿಯವರು ಒಂದೇ ಬೀದಿಯಲ್ಲಿ ಮನೆ ಮಾಡಿದರು, ಒಬ್ಬರ ಮಗುವಿನ ದೀಕ್ಷಾಸ್ನಾನಕ್ಕೆ ಇನ್ನೊಬ್ಬರು ಸಾಕ್ಷಿ ನಿಂತರು, ಒಬ್ಬರ ಅರ್ಜಿಗೆ ಇನ್ನೊಬ್ಬರು ಸಹಿ ಹಾಕಿದರು. 1710ರಲ್ಲಿ ರೈನ್ ನದಿಯ ಕಡೆಯಿಂದ ಲಂಡನ್ ಮೂಲಕ ನ್ಯೂಯಾರ್ಕಿಗೆ ಬಂದ ಪ್ಯಾಲಟೈನ್ ಜರ್ಮನರ ಊರುಗಳನ್ನು ಹೆನ್ರಿ ಜೋನ್ಸ್ ಪತ್ತೆ ಮಾಡಿದ್ದು ಹೀಗೇ. ಒಬ್ಬನ ಹಳ್ಳಿ ಗೊತ್ತಾದರೆ ಅವನ ನೆರೆಯವರನ್ನು ಅದೇ ಹಳ್ಳಿಯ, ಸುತ್ತಲಿನ ಹಳ್ಳಿಗಳ ಚರ್ಚಿನ ಪುಸ್ತಕದಲ್ಲಿ ಹುಡುಕಿದರು. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಆ ಕಡೆಯ ದಡದಲ್ಲಿ

ಊರು ಸಿಕ್ಕ ಮೇಲೆ ಅದು ಎಲ್ಲಿದೆ ಎಂದು ನೋಡಿ. ಜರ್ಮನಿಯಲ್ಲಿ ಒಂದೇ ಹೆಸರಿನ ಹತ್ತಾರು ಹಳ್ಳಿಗಳಿರುತ್ತವೆ. 1912ರ ಹೊತ್ತಿನ ಮೈಯರ್ಸ್ ಎಂಬ ಸ್ಥಳನಾಮ ಕೋಶ ಆನ್‌ಲೈನಿನಲ್ಲಿದೆ, ಹಳ್ಳಿ ಯಾವ ಆಡಳಿತಕ್ಕೆ ಸೇರಿತ್ತು, ಅಲ್ಲಿ ಚರ್ಚು ಇತ್ತೇ ಎಂದು ತಿಳಿಯಲು ಅದು ಆಧಾರ. ಹ್ಯಾಂಬರ್ಗ್ ಬಂದರಿನಿಂದ 1850ರಿಂದ 1934ರವರೆಗೆ ಹೊರಟವರ ಪಟ್ಟಿಗಳು ಉಳಿದಿವೆ, ಅವುಗಳಲ್ಲಿ ಕೊನೆಗೆ ವಾಸವಿದ್ದ ಊರೂ ಇದೆ. ಬ್ರೆಮೆನ್ ಬಂದರಿನವು ಬಹುಪಾಲು ನಾಶವಾಗಿವೆ. ಜರ್ಮನಿಯಲ್ಲಿ ಊರಿಗೆ ಊರನ್ನೇ ಕುಟುಂಬವಾರು ಜೋಡಿಸಿದ ಓರ್ಟ್ಸ್‌ಫಮಿಲಿಯೆನ್‌ಬುಖ್ ಎಂಬ ಪುಸ್ತಕಗಳಿವೆ. ನಿಮ್ಮ ಹಳ್ಳಿಯದು ಇದ್ದರೆ ವರ್ಷಗಳ ಕೆಲಸ ಉಳಿಯುತ್ತದೆ. ಅದನ್ನೂ ಚರ್ಚಿನ ಮೂಲ ಪುಸ್ತಕದ ಜೊತೆ ತಾಳೆ ನೋಡಿ.

ನಾರ್ವೆಯವರಾದರೆ ಬಿಗ್ಡೆಬೋಕ್ ಹುಡುಕಿ. ಒಂದೊಂದು ಜಮೀನಿನಲ್ಲಿ ತಲೆತಲಾಂತರದಿಂದ ಯಾರು ಯಾರಿದ್ದರು ಎಂದು ಬರೆದ ಊರ ಪುಸ್ತಕ ಅದು. ಅಮೆರಿಕದಲ್ಲೇ ನಾರ್ತ್ ಡಕೋಟಾ ವಿಶ್ವವಿದ್ಯಾಲಯದಲ್ಲಿ ಇವುಗಳ ದೊಡ್ಡ ಸಂಗ್ರಹ ಇದೆ. ನಾರ್ವೆಯ ಹೆಸರುಗಳು ನಮ್ಮವರಿಗೆ ಬೇಗ ಅರ್ಥವಾಗುತ್ತವೆ. ತನ್ನ ಹೆಸರು, ಅಪ್ಪನ ಹೆಸರು, ಇರುವ ಜಮೀನಿನ ಹೆಸರು. ನಾವು ಊರು, ಅಪ್ಪ, ತಾನು ಎಂದು ಇನಿಷಿಯಲ್ ಹಾಕುವುದಿಲ್ಲವೇ, ಹಾಗೆ. ಲಾರ್ಸನ ಮಗ ಊಲೆ ಆದರೆ ಊಲೆ ಲಾರ್ಸೆನ್, ಊಲೆಯ ಮಗ ಲಾರ್ಸ್ ಊಲ್ಸೆನ್. ಜಮೀನು ಬದಲಾದರೆ ಮೂರನೇ ಹೆಸರೂ ಬದಲು. ಅದಕ್ಕೇ ಒಂದೇ ಮನೆಯ ಅಣ್ಣತಮ್ಮಂದಿರು ಅಮೆರಿಕದಲ್ಲಿ ಬೇರೆ ಬೇರೆ ಕೊನೆಹೆಸರು ಇಟ್ಟುಕೊಂಡಿರುತ್ತಾರೆ.

ಐರ್ಲೆಂಡಿನದು ನೋವಿನ ಕಥೆ. 1922ರ ಜೂನ್ ಕೊನೆಯಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿ ಅಂತರ್ಯುದ್ಧದಲ್ಲಿ ಸುಟ್ಟುಹೋಯಿತು, 1821ರಿಂದ 1851ರವರೆಗಿನ ಗಣತಿಗಳು ಹೆಚ್ಚುಕಡಿಮೆ ಎಲ್ಲ ಹೋದವು. ಉಳಿದದ್ದು 1901 ಮತ್ತು 1911ರ ಗಣತಿ, ಗ್ರಿಫಿತ್ ಎಂಬುವರು ತೆರಿಗೆಗಾಗಿ ಜಮೀನು ಮನೆಗಳಿಗೆ ಬೆಲೆ ಕಟ್ಟಿಸಿದ ಪಟ್ಟಿ, ಕ್ಯಾಥೊಲಿಕ್ ಚರ್ಚಿನ ಪುಸ್ತಕಗಳು. ಚರ್ಚಿನವನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಿಂದ ಎಲ್ಲರಿಗೂ ತೆರೆದಿಟ್ಟಿದೆ.

ಒಂದು ಹೆಸರು ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಿಸಬೇಡಿ. ಆ ಮಗು ಅದೇ ಊರಿನಲ್ಲಿ ಸತ್ತಿದೆಯೇ, ಅಲ್ಲೇ ಬೆಳೆದು ಮದುವೆಯಾಗಿದೆಯೇ ಎಂದು ಮುಂದಿನ ಪುಟಗಳಲ್ಲಿ ನೋಡಿ. ಸತ್ತಿದ್ದರೆ ಅಮೆರಿಕಕ್ಕೆ ಹೋದವನು ಅವನಲ್ಲ. ಈ ಒಂದು ಪರೀಕ್ಷೆ ಮಾಡದೆ ಅಚ್ಚಾದ ಪುಸ್ತಕಗಳು ಬೇಕಾದಷ್ಟಿವೆ.

ಪುಸ್ತಕಗಳಲ್ಲಿ ಇಲ್ಲದವರು

ಗುಲಾಮರಾಗಿ ಎಳೆದು ತಂದವರ ಮಕ್ಕಳು ಮೊಮ್ಮಕ್ಕಳಿಗೆ ಇಂಥ ಹಳೆಯ ಪುಸ್ತಕಗಳು ಬಹಳ ಅಪರೂಪ. ಅವರ ಕಡೆ ಹುಡುಕುವವರು 1870ರ ಗಣತಿಯಿಂದ ಶುರು ಮಾಡಬೇಕು, ಬಿಡುಗಡೆಯಾದವರ ಹೆಸರುಗಳು ಸಾಲಾಗಿ ಮೊದಲ ಸಲ ಬಂದದ್ದು ಅದರಲ್ಲಿ. 1850, 1860ರ ಗುಲಾಮರ ಪಟ್ಟಿಯಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡು ಹೆಣ್ಣು ಇಷ್ಟೇ, ಹೆಸರು ಇಲ್ಲವೇ ಇಲ್ಲ ಎನ್ನಬಹುದು. ಒಡೆಯರ ಮನೆತನದ ವಂಶಾವಳಿ, ಉಯಿಲು, ಆಸ್ತಿ ಪಟ್ಟಿ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಹೆಸರು ಹಿಡಿದು ಬರೆದಿರುವುದು ಅಲ್ಲೇ. ಒಡೆಯರ ವಂಶದವರ ಹತ್ತಿರ ಅಂಥ ಹಳೆಯ ಕಾಗದ ಇದ್ದರೆ ಮುಚ್ಚಿಡದೆ ಗ್ರಂಥಾಲಯಕ್ಕೆ ಕೊಡಿ ಎಂದು ಕೈಮುಗಿದು ಕೇಳುತ್ತೇನೆ.

ಡಿಎನ್‌ಎ ಪರೀಕ್ಷೆ ಮಾಡಿಸಬೇಕೇ ಎಂದು ಕೇಳುವವರಿದ್ದಾರೆ. ಮಾಡಿಸಬಹುದು, ಆದರೆ ಅದು ಇಬ್ಬರು ನೆಂಟರು ಎಂದು ಹೇಳುತ್ತದೆ, ಯಾವ ಅಜ್ಜನ ಮೂಲಕ ಎಂದು ಕಾಗದವೇ ಹೇಳಬೇಕು.

ನಮ್ಮ ಕಡೆಯ ಪುಟ

ಮಗುವಿನ ಮರದಲ್ಲಿ ಇನ್ನೊಂದು ಕೊಂಬೆ ನಮ್ಮದು. 1917ರ ಕಾನೂನು ಭಾರತದವರಿಗೆ ಬಾಗಿಲು ಮುಚ್ಚಿತ್ತು, 1946ರಲ್ಲಿ ವರ್ಷಕ್ಕೆ 100 ಜನರಿಗೆ ತೆರೆಯಿತು, 1965ರ ಕಾನೂನಿನ ನಂತರವೇ ನಮ್ಮವರು ನಿಜವಾಗಿ ಹೋಗತೊಡಗಿದ್ದು. ಅಂದರೆ ಹೆಚ್ಚಿನ ಕನ್ನಡ ಮನೆಗಳಲ್ಲಿ ಸಮುದ್ರ ದಾಟಿದ ಮೂಲಪುರುಷ, ಮೂಲಸ್ತ್ರೀ ಇನ್ನೂ ಬದುಕಿದ್ದಾರೆ, ಅಥವಾ ಅವರನ್ನು ಚೆನ್ನಾಗಿ ಬಲ್ಲವರು ಬದುಕಿದ್ದಾರೆ. ಅವರನ್ನು ಈಗಲೇ ಕೇಳಿ. ಹಳೆಯ ಪಾಸ್‌ಪೋರ್ಟು, ಪೌರತ್ವದ ಪ್ರಮಾಣಪತ್ರ, ಮೊದಲ ವಿಮಾನದ ಟಿಕೆಟ್ಟು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಮದುವೆಯ ಕರೆಯೋಲೆ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಯಾವುದು ಯಾರದು ಎಂದು ಬರೆದಿಡಿ.

ಹಿಂದಿನ ತಲೆಮಾರುಗಳಿಗೆ ಇಲ್ಲಿ ನಮ್ಮದೇ ದಾರಿಗಳಿವೆ. ಉತ್ತರ ಕರ್ನಾಟಕದವರಾದರೆ ಎತ್ತಿನ ಜೊತೆ ಊರೂರಿಗೆ ಬಂದು ಮನೆತನದ ಪೀಳಿಗೆ ಓದಿ ಹೇಳುವ ಹೆಳವರು ಯಾರು ಬರುತ್ತಿದ್ದರು ಎಂದು ವಿಚಾರಿಸಿ. ಗಯಾ, ಕಾಶಿ, ಹರಿದ್ವಾರಕ್ಕೆ ಹೋಗಿ ಬಂದ ಹಿರಿಯರಿದ್ದರೆ ಅಲ್ಲಿನ ಪಂಡರ (ಕ್ಷೇತ್ರದ ಪುರೋಹಿತರ) ವಹಿಗಳಲ್ಲಿ ಹೆಸರು ಬರೆಸಿರಬಹುದು. ಹರಿದ್ವಾರದ ವಹಿಗಳ ಒಂದಷ್ಟನ್ನು ಯೂಟಾದ ಜೀನಿಯಲಾಜಿಕಲ್ ಸೊಸೈಟಿಯವರು ಚಿತ್ರ ತೆಗೆದಿಟ್ಟಿದ್ದಾರೆ, ಫ್ಯಾಮಿಲಿಸರ್ಚಿನಲ್ಲೇ ನೋಡಬಹುದು.

ಊರಿನ ಹೆಸರು ಬರೆಯುವಾಗ ಅಮೆರಿಕದ ಫಾರಮ್ಮಿನಲ್ಲಿರುವಂತೆ ಬರೆಯಬೇಡಿ. ಅಲ್ಲಿ ಮೈಸೂರು ಎಂದಷ್ಟೇ ಇದ್ದರೆ ಅದು ಪಟ್ಟಣವೋ, ಜಿಲ್ಲೆಯೋ, 1973ಕ್ಕೆ ಮೊದಲಿನ ರಾಜ್ಯವೋ ನಿಮ್ಮ ಮೊಮ್ಮಕ್ಕಳಿಗೆ ತಿಳಿಯುವುದಿಲ್ಲ. ಊರು, ಹೋಬಳಿ, ತಾಲ್ಲೂಕು, ಜಿಲ್ಲೆ ನಾಲ್ಕನ್ನೂ ಕನ್ನಡದಲ್ಲೇ ಬರೆಯಿರಿ. 1956ಕ್ಕೆ ಮೊದಲು ಅದು ಮುಂಬೈ ಪ್ರಾಂತ್ಯದಲ್ಲಿತ್ತೋ, ಮದ್ರಾಸಿನಲ್ಲೋ, ಹೈದರಾಬಾದಿನಲ್ಲೋ, ಕೊಡಗಿನಲ್ಲೋ ಅದನ್ನೂ ಸೇರಿಸಿ, ಹಳೆಯ ದಾಖಲೆ ಹುಡುಕುವವರು ಆಯಾ ರಾಜ್ಯದ ಪತ್ರಾಗಾರಕ್ಕೆ ಹೋಗಬೇಕಾಗುತ್ತದೆ. ಜಮೀನು ಇದ್ದರೆ ಪಹಣಿಯ ಸರ್ವೆ ನಂಬರ್ ಬರೆಯಿರಿ. ಲಿಂಗನಮಕ್ಕಿಯ ಹಿನ್ನೀರಿನಲ್ಲೋ ಆಲಮಟ್ಟಿಯ ಹಿನ್ನೀರಿನಲ್ಲೋ ಮುಳುಗಿದ ಊರಾದರೆ ಹಳೆಯ ಊರು ಯಾವುದು, ಎದ್ದು ಹೋಗಿ ನೆಲೆಸಿದ ಊರು ಯಾವುದು, ಎರಡನ್ನೂ ಬರೆದು, ಹೇಳಿದವರ ಹೆಸರು ಮತ್ತು ಹೇಳಿದ ತಾರೀಖು ಕೆಳಗೆ ಹಾಕಿ.